ಹಿಟ್ಟಿನ ಕೋಳಿ, ಕಾಗದದ ಗುರಿ

ಬೆಳಗಾವಿ ಸೀಮೆಯ ಜೈನ ಕೃಷಿಕ ಕುಟುಂಬದಲ್ಲಿ ಹುಟ್ಟಿ, ಉದ್ಯೋಗ ನಿಮಿತ್ತ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ ಶ್ರಾವಕನೊಬ್ಬನ ಪ್ರಸಂಗವಿದು. ದೇಶ ಬದಲಾದರೂ ಆತ ಮನೆಯ ಆಚಾರ ಬಿಟ್ಟವನಲ್ಲ. ಗಡ್ಡೆಗೆಣಸು ಮುಟ್ಟುವುದಿಲ್ಲ, ಸಾಧ್ಯವಾದಷ್ಟೂ ಸೂರ್ಯಾಸ್ತಕ್ಕೆ ಮೊದಲೇ ಉಣ್ಣುತ್ತಾನೆ, ಅಡುಗೆಮನೆಯಲ್ಲಿ ಇರುವೆ ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಅಂಗಳಕ್ಕೆ ಬಿಡುತ್ತಾನೆ. ಅಂಥವನನ್ನು ಒಂದು ಶನಿವಾರ ಸಹೋದ್ಯೋಗಿಯೊಬ್ಬ ಬಂದೂಕಿನ ಗುರಿ ಅಭ್ಯಾಸದ ಕೇಂದ್ರಕ್ಕೆ ಕರೆದ. ಆ ನಾಡಿನಲ್ಲಿ ಇದು ವಾರಾಂತ್ಯದ ಸಾಮಾನ್ಯ ವಿನೋದ. ಶಸ್ತ್ರ ಹೊಂದುವ ಹಕ್ಕು 1791ರಿಂದ ಅಲ್ಲಿನ ಸಂವಿಧಾನದಲ್ಲಿಯೇ ಇದೆ. ಹೊಸ ನಾಡಿನವರೊಡನೆ ಬೆರೆಯಬೇಕೆಂಬ ಹಂಬಲವೂ, ಕಾಗದಕ್ಕೆ ಗುಂಡು ಹೊಡೆದರೆ ಯಾವ ಜೀವಕ್ಕೆ ನೋವಾದೀತು ಎಂಬ ಸಮಾಧಾನವೂ ಸೇರಿ ಆತ ಒಪ್ಪಿದ.

ಒಳಗೆ ಕಾಲಿಟ್ಟಾಗ ಕಂಡದ್ದು ಉದ್ಧಟತನವಲ್ಲ, ಶಿಸ್ತು. ಪ್ರತಿಯೊಂದು ಬಂದೂಕಿನಲ್ಲಿಯೂ ಗುಂಡು ಇದೆಯೆಂದೇ ಭಾವಿಸಬೇಕು. ನಾಶಪಡಿಸಲು ಬಯಸದ ಯಾವುದರತ್ತಲೂ ನಳಿಗೆ ತಿರುಗಬಾರದು. ಗುರಿ ನಿಶ್ಚಯವಾಗುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಗುರಿಯ ಆಚೆ ಏನಿದೆಯೆಂಬುದನ್ನು ಅರಿತಿರಬೇಕು. ಮೇಲ್ವಿಚಾರಕ ಕೂಗಿದೊಡನೆ ಎಲ್ಲರೂ ಬಂದೂಕು ಕೆಳಗಿಟ್ಟು ಹಿಂದೆ ಸರಿಯುತ್ತಾರೆ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜೀವರಕ್ಷಣೆಯ ಎಚ್ಚರವಿರಬೇಕೆನ್ನುವ ಆದಾನ ನಿಕ್ಷೇಪಣ ಸಮಿತಿ ಅವನಿಗೆ ನೆನಪಾಯಿತು. ಮೊದಲು ಕೈಗೆ ಬಂದದ್ದು ಪಾಯಿಂಟ್ 22 ರೈಫಲ್. ಎದುರಿಗಿದ್ದದ್ದು ವೃತ್ತಗಳ ಹಾಳೆ. ಉಸಿರನ್ನು ಅರೆಕ್ಷಣ ತಡೆದು ಮೆಲ್ಲನೆ ಬೆರಳೊತ್ತಿದಾಗ, ಸದಾ ಚದುರುವ ಮನಸ್ಸು ಒಂದೆಡೆ ನಿಂತಿತು. ಅನಂತರ ಪಿಸ್ತೂಲು ಬಂತು. ಎದುರಿಗೆ ಮನುಷ್ಯಾಕೃತಿಯ ಹಾಳೆ ತೂಗಿತು. ಗುಂಡೊಂದು ಆ ಆಕೃತಿಯ ಎದೆಯ ನಡುವೆ ತೂತು ಕೊರೆದಾಗ ಗೆಳೆಯ ಬೆನ್ನು ತಟ್ಟಿದ. ಶ್ರಾವಕನ ಬಾಯಿಂದ ಹರ್ಷದ ಉದ್ಗಾರ ಹೊರಟಿತು.

ಸಂಜೆ ಸಾಮಾಯಿಕಕ್ಕೆ ಕುಳಿತಾಗ ಅವನನ್ನು ಕಾಡಿದ್ದು ಗುಂಡಿನ ಸದ್ದಲ್ಲ, ಆ ಉದ್ಗಾರ. ಅಷ್ಟರಲ್ಲಿ ಗೆಳೆಯನ ಸಂದೇಶವೂ ಬಂದಿತ್ತು: ಮುಂದಿನ ವಾರ ಹತ್ತು ವರ್ಷದ ಮಗನನ್ನೂ ಕರೆತರಬೇಕು, ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಜೊತೆಗೂಡಬೇಕು.

ಬೇಟೆಯ ಮಾತಿಗೆ ಉತ್ತರ ಸುಲಭ. ಶ್ರಾವಕನು ಬಿಡಬೇಕಾದ ಸಪ್ತವ್ಯಸನಗಳಲ್ಲಿ ಅದೂ ಒಂದು. ಅಲ್ಲಿ ಚರ್ಚೆಗೆ ಎಡೆಯಿಲ್ಲ. ಆದರೆ ಕಾಗದದ ಗುರಿ? ಪ್ರಾಣಹಾನಿ ಆಗಿಲ್ಲವಾದ್ದರಿಂದ ಅದು ದ್ರವ್ಯಹಿಂಸೆಯಲ್ಲ ಎನ್ನಬಹುದು. ಜಿನಧರ್ಮ ಅಷ್ಟಕ್ಕೇ ವಿಚಾರವನ್ನು ಮುಗಿಸುವುದಿಲ್ಲ. ಕೈ ಮಾಡಿದ್ದನ್ನು ನೋಡಿದಂತೆಯೇ ಮನಸ್ಸು ಮಾಡಿದ್ದನ್ನೂ ಅದು ನೋಡುತ್ತದೆ; ಅದನ್ನೇ ಭಾವಹಿಂಸೆ ಎನ್ನುತ್ತದೆ.

ಕನ್ನಡಿಗರಿಗೆ ಈ ಸೂಕ್ಷ್ಮವನ್ನು ತಿಳಿಸಿಕೊಟ್ಟವನು ಜನ್ನ. 1209ರಲ್ಲಿ ಅವನು ರಚಿಸಿದ ‘ಯಶೋಧರ ಚರಿತೆ’ಯ ತಿರುಳೇ ಇದು. ದೇವಿಗೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ ಯಶೋಧರ ಹಿಂಜರಿಯುತ್ತಾನೆ. ಕೊನೆಗೆ ತಾಯಿಯ ಮನಸ್ಸನ್ನೂ ನೋಯಿಸದೆ, ಜೀವವನ್ನೂ ಕೊಲ್ಲದೆ ಪಾರಾಗಲು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಹರಿದದ್ದು ರಕ್ತವಲ್ಲ, ಬಿದ್ದದ್ದು ಹಿಟ್ಟು. ಆದರೂ ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಕತ್ತಿ ಎತ್ತಿದಾಗ ಯಶೋಧರನ ಎದುರಿಗಿದ್ದದ್ದು ಹಿಟ್ಟಿನ ಮುದ್ದೆ. ಅವನ ಮನಸ್ಸಿನ ಎದುರಿಗಿದ್ದದ್ದು ಕೋಳಿ. ಎಂಟು ಶತಮಾನಗಳ ಅನಂತರ ಟೆಕ್ಸಾಸ್‌ನಲ್ಲಿ ತೂಗಿದ ಮನುಷ್ಯಾಕೃತಿಯ ಹಾಳೆಯೂ ಅದೇ ಪ್ರಶ್ನೆಯನ್ನು ಕೇಳುತ್ತದೆ.

ಹಾಗೆಂದು ಗುರಿವಿದ್ಯೆಯನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರ ಎದುರಿಗಿದ್ದದ್ದು ವೃತ್ತಗಳು ಮಾತ್ರ. ಶಸ್ತ್ರ ಹಿಡಿದವರನ್ನೆಲ್ಲ ಜೈನಧರ್ಮ ಹೊರಗಿಟ್ಟಿಲ್ಲ. ಗೃಹಸ್ಥನ ಬದುಕನ್ನು ಅರಿತೇ ಅದು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿತು. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಗಂಗರ ಸೇನಾನಿಯಾಗಿದ್ದವನು. ನಾಡಿನ ರಕ್ಷಣೆಗಾಗಿ ಅನಿವಾರ್ಯವಾಗಿ ಎತ್ತಿದ ಕತ್ತಿ ವಿರೋಧಿ ಹಿಂಸೆಗೆ ಸೇರುತ್ತದೆ. ಅದು ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪದು. ವಿನೋದಕ್ಕಾಗಿ ಎತ್ತಿದ ಶಸ್ತ್ರಕ್ಕೆ ಆ ಆಸರೆಯಿಲ್ಲ.

ಮನಸ್ಸು ಏಕಾಗ್ರವಾಯಿತಲ್ಲ, ಅದು ಧ್ಯಾನವೇ ತಾನೆ ಎಂದು ಕೇಳುವವರುಂಟು. ಏಕಾಗ್ರತೆಯೆಲ್ಲವೂ ಪುಣ್ಯವೆಂದು ಜೈನ ಆಚಾರ್ಯರು ಹೇಳಲಿಲ್ಲ. ಆರ್ತ, ರೌದ್ರ, ಧರ್ಮ, ಶುಕ್ಲ ಎಂಬ ನಾಲ್ಕು ಧ್ಯಾನಗಳಲ್ಲಿ ಮೊದಲೆರಡು ಸಂಸಾರಕ್ಕೆ ಕಾರಣ, ಉಳಿದೆರಡು ಮೋಕ್ಷಕ್ಕೆ. ಹಿಂಸೆಯಲ್ಲಿ ಆನಂದಪಡುವ ಹಿಂಸಾನಂದ ರೌದ್ರಧ್ಯಾನದ ಒಂದು ಭೇದ. ಮೀನಿಗಾಗಿ ಒಂಟಿಕಾಲಲ್ಲಿ ನಿಂತ ಕೊಕ್ಕರೆಗೂ ಏಕಾಗ್ರತೆಯಿದೆ. ವೃತ್ತದ ಎದುರು ನಿಂತ ಮನಸ್ಸು ಮತ್ತು ಆಕೃತಿಯ ಎದೆ ಸೀಳಿದಾಗ ಹಿಗ್ಗಿದ ಮನಸ್ಸು ಎರಡೂ ಅದೇ ಶ್ರಾವಕನವು. ನಡುವಿನ ಅಂತರ ಒಂದು ಹಾಳೆಯಷ್ಟೇ. ಅಷ್ಟು ಬೇಗ ಭಾವ ಜಾರಿತೆಂಬುದೇ ಎಚ್ಚರಿಕೆಯ ಮಾತು.

ಉಳಿದದ್ದು ಮಗನ ಪ್ರಶ್ನೆ. ನಿಷ್ಪ್ರಯೋಜಕ ಪಾಪಕಾರ್ಯಗಳಿಂದ ದೂರವಿರುವ ಅನರ್ಥದಂಡ ವ್ರತವನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಬಗೆಗಳನ್ನು ಹೇಳುತ್ತಾರೆ. ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗಿಡುವ ಹಿಂಸಾದಾನ ಅವುಗಳಲ್ಲೊಂದು. ಮಣ್ಣು ನೀರುಗಳನ್ನು ಕಾರಣವಿಲ್ಲದೆ ಕೆಡಿಸುವ ಪ್ರಮಾದಚರ್ಯೆ ಮತ್ತೊಂದು. ಬಯಲು ಅಭ್ಯಾಸಸ್ಥಳಗಳಲ್ಲಿ ಗುಂಡಿನ ಸೀಸ ನೆಲಕ್ಕೆ ಸೇರುವುದನ್ನು ಬಲ್ಲವರಿಗೆ ಅದರ ಅರ್ಥ ಹೊಳೆಯದಿರದು. ತಂದೆ ತನ್ನ ಉದ್ಗಾರವನ್ನು ಸಾಮಾಯಿಕದಲ್ಲಿ ಗುರುತಿಸಿ ಪ್ರತಿಕ್ರಮಣದಿಂದ ತೊಳೆದುಕೊಂಡಾನು. ಅದನ್ನು ಗುರುತಿಸುವ ವಿವೇಕ ಬಲಿಯುವ ಮೊದಲೇ ಮಗನ ಕೈಗೆ ಬಂದೂಕು ಬಂದರೆ, ಇರುವೆಯನ್ನು ಕಾಗದದ ಮೇಲೆತ್ತಿ ಬಿಡುವ ಆ ಮನೆಯ ಪಾಠ ಎಲ್ಲಿ ನಿಂತೀತು?

ಶ್ರಾವಕ ಗೆಳೆಯನಿಗೆ ವಿನಯದಿಂದ ಉತ್ತರಿಸಿದ. ಕರೆದೊಯ್ದ ಪ್ರೀತಿಗೆ, ಕಲಿಸಿದ ಶಿಸ್ತಿಗೆ ಕೃತಜ್ಞತೆ ಸಲ್ಲಿಸಿದ; ಬೇಟೆಗೂ ಗುರಿ ಅಭ್ಯಾಸಕ್ಕೂ ತಾನಾಗಲಿ ಮಗನಾಗಲಿ ಬರುವುದಿಲ್ಲವೆಂದು ಕಾರಣಸಹಿತ ತಿಳಿಸಿದ; ಮುಂದಿನ ಶನಿವಾರ ಹೊತ್ತು ಮುಳುಗುವ ಮುನ್ನ ಮನೆಗೆ ಊಟಕ್ಕೆ ಬರಬೇಕೆಂದು ಕೇಳಿಕೊಂಡ. ಪರನಾಡಿನಲ್ಲಿ ಬೆರೆಯುವುದೆಂದರೆ ಅಲ್ಲಿಯವರ ಪ್ರತಿಯೊಂದು ವಿನೋದವನ್ನೂ ತನ್ನದಾಗಿಸಿಕೊಳ್ಳುವುದಲ್ಲ. ತನ್ನ ವ್ರತವನ್ನು ಅಂಜದೆ, ಅಹಂಕಾರವಿಲ್ಲದೆ ಹೇಳಬಲ್ಲ ಸ್ನೇಹವನ್ನು ಗಳಿಸುವುದು.

ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲೆತ್ತಿದ ಬಾಹುಬಲಿ ನೆಲಕ್ಕೆ ಅಪ್ಪಳಿಸಬಹುದಿತ್ತು. ಗೆಲುವು ಕೈಯಲ್ಲಿದ್ದಾಗಲೇ ಮೆಲ್ಲನೆ ಕೆಳಗಿಳಿಸಿದ. ಲೋಕ ಇಂದಿಗೂ ಆ ವಿರಾಗಿಯ ಪಾದಕ್ಕೆ ತಲೆಬಾಗುತ್ತದೆ. ಗುರಿ ತಪ್ಪದ ಕೈ ಅಭ್ಯಾಸದಿಂದ ಬಂದೀತು. ಎತ್ತಿದ್ದನ್ನು ಕೆಳಗಿಳಿಸುವ ಕೈ ಆತ್ಮಸಂಯಮದಿಂದ ಮಾತ್ರ ಬರುತ್ತದೆ.