ದೀಪ ಹಚ್ಚಿದವರು ಯಾರು?

ತಂತಿಯವನು ಬಾಗಿಲಿಗೆ ಬಂದರೆ ಒಡೆದು ಓದುವ ಮೊದಲೇ ಎದೆ ಡವಡವ ಎನ್ನುತ್ತಿದ್ದ ಕಾಲವೊಂದಿತ್ತು. 2013ರಲ್ಲಿ ತಂತಿ ಸೇವೆ ನಿಂತಿತು. ಈಗ ಆ ಕೆಲಸವನ್ನು ಕಾರಿನ ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ವಹಿಸಿಕೊಂಡಿದೆ. ಆದರೆ ಗಾಬರಿಯಿಂದ ಒಡೆದ ತಂತಿಯೊಳಗೆ ಬರೀ ಖಾಲಿ ಕಾಗದವಿದ್ದರೆ ಏನು ಮಾಡುತ್ತೀರಿ?

2024ರ ಮಳೆಗಾಲದ ಕೊನೆಯಲ್ಲಿ ನನಗೆ ಆದದ್ದು ಅದೇ. ತಿಂಗಳಿಗೊಮ್ಮೆ ಅಮ್ಮನನ್ನು ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮ ಹಳೆಯ ಪೆಟ್ರೋಲ್ ಕಾರು. ಹೊರಡಲು ಮೂರು ದಿನವಿದೆ ಎನ್ನುವಾಗ ದೀಪ ಹತ್ತಿತು. ಗ್ಯಾರೇಜಿನ ಹುಡುಗ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದ. ಕೋಡ್ ಇಲ್ಲ. ಅಳಿಸುವ ಗುಂಡಿ ಒತ್ತಿದ. ದೀಪ ಜಗ್ಗಲಿಲ್ಲ. ‘ಕಂಪ್ಯೂಟರೇ ಹೋಗಿದೆ ಸಾರ್, ಬದಲಾಯಿಸಬೇಕು. ಮೂವತ್ತು ಸಾವಿರ ಆಗುತ್ತೆ’ ಎಂದ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಎಂಜಿನ್ನಿನ ಕಂಪ್ಯೂಟರ್ ಹತ್ತಾರು ಸೆನ್ಸರುಗಳನ್ನು ಕಾಯುತ್ತಿರುತ್ತದೆ. ತಪ್ಪು ಕಂಡರೆ ಒಂದು ಕೋಡ್ ಬರೆದಿಡುತ್ತದೆ. ‘ಪಿ0300’ ಎಂದರೆ ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಅಮೆರಿಕದಲ್ಲಿ 1996ರಿಂದ, ನಮ್ಮಲ್ಲಿ ಎರಡನೆಯ ಹಂತವಾಗಿ 2013ರಿಂದ ಈ ವ್ಯವಸ್ಥೆ ಕಾರುಗಳಿಗೆ ಕಡ್ಡಾಯ. ಎಷ್ಟೋ ದೋಷಗಳು ಎರಡು ಓಡಾಟದಲ್ಲಿ ಮರುಕಳಿಸಿದ ಮೇಲೇ ಕಂಪ್ಯೂಟರ್ ದೀಪ ಹಚ್ಚುತ್ತದೆ. ಹಾಗೆ ಹಚ್ಚಿದರೆ ಕಾರಣವನ್ನೂ ಬರೆದಿಟ್ಟಿರಬೇಕು.

ಹಾಗಾದರೆ ಕಾಗದ ಖಾಲಿ ಏಕೆ? ಒಂದು, ಸ್ಕ್ಯಾನರಿಗೆ ಆ ಕಾರಿನ ಭಾಷೆ ಪೂರ್ತಿ ಬಾರದಿರಬಹುದು. ಕಂಪನಿ ತನ್ನದೇ ಆಗಿ ಇಟ್ಟ ಕೋಡುಗಳು, ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿರುವ ಕೋಡುಗಳು ಅಗ್ಗದ ಯಂತ್ರಕ್ಕೆ ಕಾಣದೆ ಹೋಗಬಹುದು. ಎರಡು, ಸ್ಕ್ಯಾನರ್ ಕಂಪ್ಯೂಟರಿನೊಡನೆ ಮಾತನ್ನೇ ಆಡದಿರಬಹುದು. ‘ಕೋಡ್ ಇಲ್ಲ’ ಎನ್ನುವುದೇ ಬೇರೆ, ‘ಸಂಪರ್ಕವಿಲ್ಲ’ ಎನ್ನುವುದೇ ಬೇರೆ. ಸಂಪರ್ಕವಿಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ, ಅರ್ತ್ ವೈರು, ಬ್ಯಾಟರಿ ನೋಡಬೇಕು. ಮೂರು, ಹತ್ತಿರುವುದು ಎಂಜಿನ್ ದೀಪವೇ ಅಲ್ಲದೆ, ಸರ್ವೀಸ್ ನೆನಪಿಸುವ ಸ್ಪ್ಯಾನರ್ ಗುರುತಿನ ದೀಪವಾಗಿರಬಹುದು. ನಾಲ್ಕನೆಯದು ವಿಚಿತ್ರ: ಕಂಪ್ಯೂಟರ್ ಹೇಳದೆಯೇ ದೀಪ ತಾನಾಗಿ ಹತ್ತಿರಬಹುದು.

ಮೂವತ್ತು ಸಾವಿರದ ಮಾತು ಕೇಳಿ ಕಂಗಾಲಾದ ನಾನು ಅಮ್ಮನನ್ನೂ ಕೂರಿಸಿಕೊಂಡು ಪರಿಚಯದ ಹಳೆಯ ಮೆಕ್ಯಾನಿಕ್ ಬಳಿ ಹೋದೆ. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಕೇಳಿದ್ದು, ‘ಯಾವಾಗ ಹತ್ತುತ್ತೆ?’ ಎಂದು. ನಾನು ತಡವರಿಸುತ್ತಿದ್ದೆ. ಹಿಂದಿನ ಸೀಟಿನಿಂದ ಅಮ್ಮ, ‘ಹಂಪ್ ಬಂದಾಗ ಆರುತ್ತೆ ಕಣಪ್ಪ, ಮುಂದೆ ಹೋದ ಮೇಲೆ ಮತ್ತೆ ಬರುತ್ತೆ’ ಎಂದರು. ಮೆಕ್ಯಾನಿಕ್ ನಕ್ಕರು. ಕಂಪ್ಯೂಟರ್ ಹಚ್ಚಿದ ದೀಪಕ್ಕೆ ಹಂಪಿನ ಹಂಗಿಲ್ಲ.

‘ದೀಪ ಹಚ್ಚು ಅಂತ ಹೇಳಿದ್ದು ಯಾರು, ಮೊದಲು ಅದನ್ನ ಕೇಳೋಣ’ ಎಂದು ಸ್ಕ್ಯಾನರಿನಲ್ಲಿ ಬೇರೊಂದು ಪುಟ ತೆರೆದರು. ಕಂಪ್ಯೂಟರ್ ದೀಪಕ್ಕೆ ಏನು ಆಜ್ಞೆ ಕೊಟ್ಟಿದೆ ಎಂಬುದು ಅಲ್ಲಿರುತ್ತದೆ. ಅಲ್ಲಿದ್ದದ್ದು ‘ಆಫ್’, ಎದುರಿಗೆ ದೀಪ ಮಾತ್ರ ಉರಿಯುತ್ತಿದೆ! ಅಂದರೆ ತಪ್ಪು ವೈರಿನಲ್ಲಿ, ಇಲ್ಲವೆ ಮೀಟರಿನಲ್ಲಿ. ‘ಆನ್’ ಎಂದಿದ್ದೂ ಕೋಡ್ ಕಾಣದಿದ್ದರೆ ಬದಲಾಯಿಸಬೇಕಾದದ್ದು ಸ್ಕ್ಯಾನರನ್ನು, ಕಂಪ್ಯೂಟರನ್ನಲ್ಲ.

ನನ್ನ ಕಾರಿನಂಥ ಹಳೆಯ ವಾಹನಗಳಲ್ಲಿ ದೀಪದ ಒಂದು ತುದಿಗೆ ಕರೆಂಟ್ ಬರುತ್ತಿರುತ್ತದೆ. ಇನ್ನೊಂದು ತುದಿಯನ್ನು ಕಂಪ್ಯೂಟರ್ ಅರ್ತ್‌ಗೆ ಸೇರಿಸಿದರೆ ದೀಪ ಹತ್ತುತ್ತದೆ. ಆ ವೈರು ಸಿಪ್ಪೆ ಹೋಗಿ ಬಾಡಿಗೆ ತಾಗಿದರೂ ಸಾಕು. ನಮ್ಮ ಕಾರಿನ ಬ್ಯಾಟರಿ ಹಿಂದೆ ಇಲಿರಾಯ ಬೆಚ್ಚಗೆ ಮಲಗಿ ವೈರು ಕಡಿದಿದ್ದ. ವೈರು ಜೋಡಿಸಿ, ಟೇಪ್ ಸುತ್ತಿ, ಕೊಳವೆಯೊಳಗೆ ತೂರಿಸಿದ್ದಕ್ಕೆ ಅವರು ತೆಗೆದುಕೊಂಡದ್ದು ಇನ್ನೂರು ರೂಪಾಯಿ.

‘ಇಷ್ಟೇ ತಾನೆ? ಹಾಗೇ ಓಡಿಸಬಹುದಿತ್ತು’ ಎಂದೆ. ಅವರ ಮುಖ ಗಂಭೀರವಾಯಿತು. ‘ಸುಳ್ಳು ದೀಪ ಉರಿಯುತ್ತಿದ್ದರೆ ನಿಜವಾದ ದೀಪ ಹತ್ತಿದ್ದು ನಿಮಗೆ ಗೊತ್ತಾಗೋದು ಹೇಗೆ ಸಾರ್? ಘಾಟಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗೋರು ನೀವು.’ ನನ್ನ ಬಾಯಿ ಕಟ್ಟಿತು.

ನಿಮ್ಮ ಕಾರಿನಲ್ಲಿ ದೀಪ ಹತ್ತಿದರೆ ಎಂಜಿನ್ ತಣ್ಣಗಿತ್ತೆ, ಬಿಸಿಯಿತ್ತೆ, ಮಳೆಯಿತ್ತೆ, ಪೆಟ್ರೋಲ್ ಆಗಷ್ಟೇ ತುಂಬಿಸಿದ್ದಿರಾ ಎಂದು ಬರೆದಿಡಿ. ಬರೆದುಕೊಳ್ಳದೆ ಕೋಡ್ ಅಳಿಸಲು ಬಿಡಬೇಡಿ. ದೋಷ ಕಂಡ ಹೊತ್ತಿನ ವಿವರವೂ ಜೊತೆಗೇ ಅಳಿಸಿಹೋಗುತ್ತದೆ. ದೀಪ ಒಂದೇ ಸಮನೆ ಮಿಣುಕುತ್ತಿದ್ದರೆ ಅದು ಬೇರೆ ಮಾತು. ಉರಿಯದ ಇಂಧನ ಸೈಲೆನ್ಸರ್ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡಬಹುದು. ವೇಗ ತಗ್ಗಿಸಿ ಗಾಡಿ ನಿಲ್ಲಿಸಿ. ಹಳೆಯ ಕಾರು ಕೊಳ್ಳುವವರು ಇಗ್ನಿಷನ್ ಕೀ ತಿರುಗಿಸಿ ನೋಡಿ. ದೀಪ ಮೊದಲು ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ಬಲ್ಬನ್ನೇ ಕಿತ್ತಿರಬಹುದು!

ಮೂರನೆಯ ದಿನ ಘಾಟಿ ಇಳಿದೆವು. ಪ್ರತಿ ಹಂಪಿಗೂ ಅಮ್ಮ ಮುಂದಕ್ಕೆ ಬಾಗಿ ದೀಪ ನೋಡುತ್ತಿದ್ದರು. ಅಂಥ ಸ್ಕ್ಯಾನರ್ ಯಾವ ಗ್ಯಾರೇಜಿನಲ್ಲೂ ಇಲ್ಲ ಬಿಡಿ.