ಮೊದಲು ಅಳೆಯಿರಿ, ಆಮೇಲೆ ಹಂಚಿರಿ: ಗುಡ್ಡದ ಕಟ್ಟಿಗೆ ಕುರಿತ ಹಕ್ಕೊತ್ತಾಯ ಪತ್ರ

ಗೆ: ಉಪ ಅರಣ್ಯ ಸಂರಕ್ಷಣಾಧಿಕಾರಿಗಳು, ಘಟಪ್ರಭಾ ವಿಭಾಗ, ಗೋಕಾಕ
ಇಂದ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಗುಡ್ಡದಂಚಿನ ಗ್ರಾಮಸ್ಥರು

ಮಾನ್ಯರೇ,

ಯೋಗಿಕೊಳ್ಳ, ಗೊಡಚಿನಮಲ್ಕಿ, ಹಿಡಕಲ್ ಸುತ್ತಿನ ನಮ್ಮ ಗುಡ್ಡಗಳು ಮಲೆನಾಡಲ್ಲ. ಬಂಡೆಯ ಮೇಲೆ ತೆಳು ಮಣ್ಣು, ಅದರಲ್ಲಿ ಕುರುಚಲು, ಜಾಲಿ. ಇಲ್ಲಿ ಮರ ತೊಡೆಗಾತ್ರವಾಗಲು ವರ್ಷಗಳೇ ಬೇಕು. ಈ ಕಾಡಿನ ಬಯೋಮಾಸ್ ಅನ್ನು ಯಾವುದೇ ಬಾಯ್ಲರಿಗೆ ಕೊಡುವ ಮಾತಾಡುವ ಮುನ್ನ ನಮ್ಮ ಬೇಡಿಕೆಗಳು ಇವು.

1. ನಿಂತ ಮರಗಳ ಲೆಕ್ಕವನ್ನೇ ಸಿಗುವ ಕಟ್ಟಿಗೆಯ ಲೆಕ್ಕವೆಂದು ಹಿಡಿಯಬಾರದು. ವರ್ಷಕ್ಕೆ ಎಷ್ಟು ಬೆಳೆಯಿತು ಎಂಬುದೇ ಮುಖ್ಯ. ಗುರುತು ಹಾಕಿದ ಜಾಗಗಳಲ್ಲಿ ಅವೇ ಮರಗಳಿಗೆ, ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಪ್ರತಿವರ್ಷ ಅದೇ ಹಂಗಾಮಿನಲ್ಲಿ ಟೇಪು ಸುತ್ತಿ ಅಳೆಯಬೇಕು. ಬರಗಾಲದ ವರ್ಷಗಳನ್ನು ಬಿಟ್ಟು ಸರಾಸರಿ ತೆಗೆಯಬಾರದು.

2. ದಾಂಡೇಲಿಯ ಪಾಠ ಮರೆಯಬಾರದು. 1958ರಲ್ಲಿ ಅಲ್ಲಿ ಶುರುವಾದ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಿಕ್ಕಿತು. ಕಾಡಿನಲ್ಲಿ ಬಿದಿರು ಎಷ್ಟಿದೆ ಎಂಬ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ತಂಡ ಆಮೇಲೆ ತೋರಿಸಿತು. ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಸವರಿದರು. ಕಾವಲು ಹೋದ ಕಳಲೆಯನ್ನು ದನ, ಕಾಡುಪ್ರಾಣಿಗಳು ತಿಂದವು. ಮುಳ್ಳೇ ಕಳಲೆಯನ್ನು ಕಾಯುತ್ತದೆ ಎಂಬುದು ಊರಿನವರಿಗೆ ಗೊತ್ತಿತ್ತು. ಆದ್ದರಿಂದ ಅಂದಾಜಿನ ತಂಡದಲ್ಲಿ ದನ ಕಾಯುವವರೂ ಕಟ್ಟಿಗೆ ತರುವ ಹೆಣ್ಣುಮಕ್ಕಳೂ ಕೂಲಿ ಸಮೇತ ಇರಬೇಕು.

3. ಬೆಳೆದದ್ದರಲ್ಲಿ ಮೊದಲು ಕಳೆಯಬೇಕಾದದ್ದು ಊರಿನ ಪಾಲು. ಮನೆಯಲ್ಲಿ ಸಿಲಿಂಡರ್ ಇದ್ದ ಮಾತ್ರಕ್ಕೆ ಕಟ್ಟಿಗೆ ಬಳಕೆ ಸೊನ್ನೆ ಎಂದು ಬರೆಯಬೇಡಿ. ಹಂಡೆಯ ನೀರು ಇನ್ನೂ ಕಟ್ಟಿಗೆಯಲ್ಲೇ ಕಾಯುತ್ತದೆ. ಹೊರೆಗಳನ್ನು ಮಳೆಗಾಲ, ಬೇಸಿಗೆ ಎರಡರಲ್ಲೂ ತೂಗಿ, ಒಣಗಿದ ತೂಕ ಬರೆಯಿರಿ. ಹಸಿ ಕಟ್ಟಿಗೆಯಲ್ಲಿ ಅರ್ಧದಷ್ಟು ನೀರೇ ಇರಬಹುದು.

4. ಉದುರಿದ ಎಲೆ, ಪೊಟರೆಯ ಒಣಮರ, ಕಡಿದಾದ ಇಳಿಜಾರಿನ ಗಿಡಗಳನ್ನು ಲೆಕ್ಕದಿಂದ ಹೊರಗಿಡಬೇಕು. ಇಳಿಜಾರಿನಿಂದ ಕೊಚ್ಚಿದ ಮಣ್ಣು ಬಂದು ಸೇರುವುದು ಘಟಪ್ರಭೆಗೇ.

5. ಬಾಯ್ಲರಿಗೆ ಉರುವಲು ಬೇಕಿದ್ದರೆ ಹೊಲದ ಕಡೆ ನೋಡಿ. ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಹಸಿ ಸಿಪ್ಪೆ ಸಿಗುತ್ತದೆ. ಹೊಲದಲ್ಲೇ ಸುಡುವ ಕಬ್ಬಿನ ರವದಿಯ (ಒಣಗರಿಯ) ಸ್ವಲ್ಪ ಪಾಲನ್ನು ಬಾಯ್ಲರಿನವರು ನ್ಯಾಯವಾದ ದರಕ್ಕೆ ಕೊಳ್ಳಲಿ. ಉಳಿದದ್ದು ಹೊಲದಲ್ಲೇ ಕೊಳೆಯಲಿ.

6. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಕುರುಚಲನ್ನೂ ಕಿರು ಅರಣ್ಯ ಉತ್ಪನ್ನವೆಂದು ಹೇಳಿ, ಅದರ ಮೇಲೆ ಕಾಡನ್ನು ನಂಬಿ ಬದುಕುವವರ ಹಕ್ಕನ್ನು ಒಪ್ಪಿದೆ. ಆದ್ದರಿಂದ ಅಳತೆಯ ಪಟ್ಟಿ ಕನ್ನಡದಲ್ಲಿ ಪಂಚಾಯ್ತಿ ಗೋಡೆಯ ಮೇಲೆ ಬರಲಿ, ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ತಕರಾರು ಬಂದ ಜಾಗವನ್ನು ತಕರಾರು ಮಾಡಿದವರ ಎದುರಿಗೇ ಮತ್ತೆ ಅಳೆಯಬೇಕು. ಅಲ್ಲಿಯವರೆಗೆ ಯಾವ ಗುತ್ತಿಗೆಗೂ ಸಹಿ ಬೀಳಬಾರದು.