ತಾಯಿಯ ಮಾತಿಗೆ ದುಭಾಷಿ ಯಾರು?

ಹೊರನಾಡಿನಲ್ಲಿ ನೌಕರಿ ಮಾಡುವ ನಾವು ಚಿಕಿತ್ಸೆಗೆಂದು ಊರಿನಿಂದ ತಾಯಂದಿರನ್ನು ಕರೆಸಿಕೊಳ್ಳುತ್ತೇವೆ. ಸಿಜಿಎಚ್‌ಎಸ್ ಕಾರ್ಡಿನಲ್ಲಿ ಅವರ ಹೆಸರಿದೆ. ಆಸ್ಪತ್ರೆಯಲ್ಲಿ ಅವರ ಭಾಷೆಯಿಲ್ಲ. ಗರ್ಭಕೋಶ ಜಾರಿದ ತಾಯಿಯನ್ನು ದೆಹಲಿಯ ವೈದ್ಯರು, ಮೂತ್ರ ಪೂರ್ತಿ ಖಾಲಿಯಾಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳುತ್ತಾರೆ. ಮಗ ಕನ್ನಡದಲ್ಲಿ ಹೇಳುತ್ತಾನೆ. ಮಗನೆದುರು ತಾಯಿಯ ಉತ್ತರ ಒಂದೇ: "ಎಲ್ಲ ಸರಿಯಿದೆಯಪ್ಪ." ನಮ್ಮಲ್ಲಿ ಅನೇಕರು ಆ ಉತ್ತರವನ್ನೇ ವೈದ್ಯರಿಗೆ ದಾಟಿಸಿದ್ದೇವೆ.

ಸರಿಯಿರುವುದಿಲ್ಲ. ಅಂಗ ಜಾರಿದಾಗ ಮೂತ್ರ ಹೊರಬರುವ ನಾಳ ಮಡಿಚಿಕೊಂಡು ಮೂತ್ರಕೋಶದಲ್ಲಿ ಮೂತ್ರ ಉಳಿಯಬಹುದು, ಸೋಂಕು ಮರುಕಳಿಸಬಹುದು. ಉಬ್ಬನ್ನು ಬೆರಳಿನಿಂದ ಒಳಕ್ಕೆ ಒತ್ತಿಯೇ ಮೂತ್ರ ಮಾಡುವ ಹೆಂಗಸರಿದ್ದಾರೆ. ಶಸ್ತ್ರಚಿಕಿತ್ಸೆಯಿಂದ ಹಲವರಿಗೆ ಈ ತೊಂದರೆ ನೀಗುತ್ತದೆ. ಆದರೆ ಮೊದಲ ದಿನಗಳಲ್ಲಿ ಬಾವು, ನೋವು, ಅರಿವಳಿಕೆಗಳಿಂದ ಮೂತ್ರ ಕಟ್ಟಿಕೊಳ್ಳುವುದು ಅಪರೂಪವಲ್ಲ. ಹೆಚ್ಚಿನವರಿಗೆ ಇದು ತಾತ್ಕಾಲಿಕ; ಕೆಲವು ದಿನ ಕ್ಯಾತಿಟರ್ ಬೇಕಾದೀತು. ಇದನ್ನು ಮುಂಚೆಯೇ ತಿಳಿಸದಿದ್ದರೆ, ಕೊಳವೆಯೊಡನೆ ಮನೆಗೆ ಬಂದ ತಾಯಿ ಆಪರೇಷನ್ನೇ ಕೆಟ್ಟಿತೆಂದು ಕೊರಗುತ್ತಾರೆ.

ಆದ್ದರಿಂದ ಈ ಮಾತುಕತೆಯಲ್ಲಿ ಗಂಡುಮಕ್ಕಳು ಹೊರಗೆ ನಿಂತು, ತಾಯಿ ಒಪ್ಪುವ ಕನ್ನಡ ಬಲ್ಲ ಹೆಂಗಸೊಬ್ಬರು ಜೊತೆಗಿರಬೇಕೆಂಬುದು ನಮ್ಮ ಅಭಿಪ್ರಾಯ. ಮನೆಗೆ ಕಳುಹಿಸುವ ಮುನ್ನ ಎಷ್ಟು ಮೂತ್ರ ಉಳಿಯುತ್ತಿದೆಯೆಂದು ಸ್ಕ್ಯಾನ್ ಮಾಡಿ ಅಳೆದರೇ, ಮತ್ತೆ ಕಟ್ಟಿಕೊಂಡರೆ ಯಾರನ್ನು ಕಾಣಬೇಕು ಎಂಬ ಎರಡು ಪ್ರಶ್ನೆಗಳನ್ನು ಕೇಳಲೇಬೇಕು. ರಾಜ್ಯೋತ್ಸವದ ವೇದಿಕೆಗೆ ಶ್ರಮಿಸುವ ನಮ್ಮ ಕನ್ನಡ ಸಂಘಗಳು ಆಸ್ಪತ್ರೆಗೆ ಜೊತೆಯಾಗಬಲ್ಲ ಮಹಿಳೆಯರ ಪಟ್ಟಿಯೊಂದನ್ನೂ ಸಿದ್ಧಪಡಿಸಲಿ. ತಾಯಿ ತನ್ನ ನೋವನ್ನು ತನ್ನ ನುಡಿಯಲ್ಲಿ ಹೇಳಲು ಅಷ್ಟು ಸಾಕು.